ಕೂಡಿಸು ಚಿಹ್ನೆಯ ಸಾಲುಗಳು

ಮನೆಗೆ ಹೊಸ ಮಿಕ್ಸರ್ ಬಂದರೆ ಅದರ ಜೊತೆ ಒಂದು ಪುಸ್ತಿಕೆಯೂ ಬರುತ್ತದೆ. ಅದನ್ನು ಓದುವವರು ಯಾರು? ರಟ್ಟಿನ ಪೆಟ್ಟಿಗೆಯ ಜೊತೆ ಅದೂ ಅಟ್ಟ ಸೇರುತ್ತದೆ. ನನಗೆ ಮಾತ್ರ ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವ ಚಾಳಿ. ಇಪ್ಪತ್ತೆಂಟು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳಿಗೆ ಅಚ್ಚಾದ ಯಾವ ಅಕ್ಷರ ಕಂಡರೂ ಕೆಂಪು ಶಾಯಿಯ ಪೆನ್ನು ನೆನಪಾಗುತ್ತದೆ.

ಈಚೆಗೆ ಈ ಚಾಳಿ ಮೊಬೈಲಿಗೂ ಅಂಟಿಕೊಂಡಿದೆ. ವಾರಕ್ಕೆರಡು ಸಲ ಯಾವುದೋ ಒಂದು ಆ್ಯಪ್ ಅಪ್‌ಡೇಟ್ ಆಗಬೇಕು ಅನ್ನುತ್ತದೆ. ಏನು ಬದಲಾಯಿಸಿದ್ದೀರಪ್ಪಾ ಎಂದು ನೋಡಿದರೆ ಒಂದೇ ಸಾಲು ಇರುತ್ತದೆ: ಕೆಲವು ದೋಷಗಳನ್ನು ಸರಿಪಡಿಸಿದ್ದೇವೆ, ಕೆಲಸ ಇನ್ನಷ್ಟು ಚುರುಕಾಗಿದೆ. ಯಾವ ದೋಷ? ಅದರಿಂದ ಯಾರಿಗೆ ತೊಂದರೆಯಾಗಿತ್ತು? ಯಾವಾಗಿನಿಂದ ಇತ್ತು? ಒಂದಕ್ಕೂ ಉತ್ತರವಿಲ್ಲ. ನನ್ನ ತರಗತಿಯ ಹುಡುಗನೊಬ್ಬ ಲೆಕ್ಕದ ಪುಸ್ತಕದಲ್ಲಿ 'ತಪ್ಪಾಗಿದ್ದನ್ನೆಲ್ಲ ಸರಿಮಾಡಿದ್ದೇನೆ' ಎಂದಷ್ಟೇ ಬರೆದು ತಂದರೆ ನಾನು ಅಂಕ ಕೊಡುತ್ತೇನೆಯೇ? ಎಲ್ಲಿ ತೋರಿಸು ಅನ್ನುತ್ತೇನೆ. ದೊಡ್ಡ ದೊಡ್ಡ ಕಂಪನಿಗಳನ್ನು ಹಾಗೆ ಕೇಳಬೇಕೆಂದು ನಮಗೆ ತೋಚುವುದೇ ಇಲ್ಲ. ಸುಮ್ಮನೆ ಬೆರಳು ಒತ್ತುತ್ತೇವೆ.

ಹಾಗೆ ಸುಮ್ಮನೆ ಬೆರಳು ಒತ್ತಿದ್ದಕ್ಕೆ ನಾನೊಂದು ದಂಡ ತೆತ್ತಿದ್ದೇನೆ. ಅದನ್ನು ಹೇಳದೆ ಮುಂದಿನ ಮಾತು ಹೇಳಲಾರೆ.

ನನ್ನ ಅತ್ತೆ ಸಂಪ್ರದಾಯದ ಹಾಡುಗಳ ಕಣಜ. ಅರಿಶಿನ ಕುಟ್ಟುವುದರಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಒಂದೊಂದು ಶಾಸ್ತ್ರಕ್ಕೂ ಅವರ ಬಳಿ ಹಾಡಿತ್ತು. ಬರೆದಿಟ್ಟದ್ದು ಒಂದೂ ಇಲ್ಲ. ಎಂಬತ್ತು ದಾಟಿದ ಮೇಲೆ ಅವರಿಗೆ ಹೆಸರುಗಳು ಮರೆಯತೊಡಗಿದವು, ಹಾಡು ಮಾತ್ರ ಮರೆಯಲಿಲ್ಲ. ಒಂದು ಬೇಸಿಗೆ ರಜೆಯಲ್ಲಿ, ಮಧ್ಯಾಹ್ನದ ಹೊತ್ತು, ಅವರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಮೊಬೈಲಿನ ಒಂದು ಧ್ವನಿಮುದ್ರಣದ ಆ್ಯಪಿನಲ್ಲಿ ನಾಲ್ಕು ಗಂಟೆಯಷ್ಟು ಹಾಡು ಹಿಡಿದಿಟ್ಟೆ. ನಡುವೆ ಕೆಮ್ಮು, ಎಲೆಯಡಿಕೆಯ ತಟ್ಟೆಯ ಸದ್ದು, ಹಿತ್ತಿಲ ಕಾಗೆ, 'ಇಲ್ಲೊಂದು ಸಾಲು ತಪ್ಪಿತು, ಮತ್ತೆ ಹೇಳ್ತೆ ತಡೆ' ಅನ್ನುವ ಅವರ ಮಾತು, ಎಲ್ಲ ಇತ್ತು. ಅತ್ತೆ ತೀರಿಕೊಂಡ ವರ್ಷವೇ ಆ ಆ್ಯಪು ಒಂದು ಅಪ್‌ಡೇಟ್ ಕೇಳಿತು, ಕೊಟ್ಟೆ. ಮುದ್ರಣಗಳೆಲ್ಲ ಫೋನಿನಿಂದ ಅವರ ಉಗ್ರಾಣಕ್ಕೆ ಹೋದವು. ಸುರಕ್ಷಿತವಾಗಿರುತ್ತವೆ ಎಂದು ಬರೆದಿತ್ತು. ಮರುವರ್ಷ ಕಂಪನಿಯೇ ಬಾಗಿಲು ಹಾಕಿತು. ಮುಚ್ಚುತ್ತೇವೆಂಬ ಪತ್ರ ನಾನು ಎಂದೂ ತೆರೆಯದ ಈಮೇಲಿಗೆ ಬಂದಿತ್ತಂತೆ. ಫೋನಿನಲ್ಲಿ ಉಳಿದಿದ್ದ ಚೂರುಪಾರು ಕಡತಗಳು ಆ ಆ್ಯಪಿನ ಸ್ವಂತ ಲಿಪಿಯಲ್ಲಿದ್ದವು. ಬೇರೆ ಯಾವ ಯಂತ್ರಕ್ಕೂ ಅದು ಓದಲು ಬರಲಿಲ್ಲ.

ಅತ್ತೆಯ ದನಿಯನ್ನು ಮತ್ತೊಮ್ಮೆ ಕಳೆದುಕೊಂಡೆ ಎಂದು ನನಗನ್ನಿಸಿತು. ಯಾರ ಮೇಲೆ ಸಿಟ್ಟು ಮಾಡುವುದು? ನನ್ನ ಬೆರಳಿನ ಮೇಲೆಯೇ ಸಿಟ್ಟು ಬಂತು.

ಈ ಕಥೆಯನ್ನು ಒಂದು ದಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮುಂದೆ ಹೇಳಿದೆ. ಅವಳಿಗೆ ಹುಟ್ಟಿನಿಂದ ಕಣ್ಣಿಲ್ಲ. ಐದನೆಯ ತರಗತಿಯಲ್ಲಿ ನಾನು ಅವಳ ಪಕ್ಕ ಕೂತು ಪಾಠ ಓದಿ ಹೇಳುತ್ತಿದ್ದೆ. ಈಗ ಅವಳು ಪುಸ್ತಕಗಳನ್ನು ದನಿಗೆ ಇಳಿಸುವ ಕೆಲಸ ಮಾಡಿ ಸಂಪಾದಿಸುತ್ತಾಳೆ. 'ಅಕ್ಕೋರೆ, ನೀವು ಪಾತ್ರೆ ನೋಡದೆ ಹಾಲು ಹೊಯ್ದಿರಿ' ಅಂದಳು. 'ನಿಮ್ಮ ನಾದಿನಿಗೂ ಆ ಹಾಡು ಬರ್ತದಲ್ಲ. ಮತ್ತೆ ಹಿಡಿಯೋಣ. ಈ ಸಲ ನಾನು ಹೇಳಿದ್ದರಲ್ಲಿ ಹಿಡಿಯಿರಿ.' ಹಾಗೆ ನನಗೆ ಪರಿಚಯವಾದದ್ದು ರೀಪರ್ ಎಂಬ ತಂತ್ರಾಂಶ. ಈ ಲೇಖನ ಅದರ ವಿಮರ್ಶೆ. ಸೀರೆ, ಸಿನಿಮಾ, ಕಾದಂಬರಿಗಳಿಗೆ ವಿಮರ್ಶೆ ಬರೆಯಬಹುದಾದರೆ ನಮ್ಮ ದನಿ ಕಾಯುವ ಸಾಧನಕ್ಕೂ ಯಾಕೆ ಬರೆಯಬಾರದು?

ರೀಪರ್ ಅಂದರೆ ಪೈರು ಕೊಯ್ಯುವವನು. ಅಮೆರಿಕದ ಕಾಕೋಸ್ ಎಂಬ ಪುಟ್ಟ ಸಂಸ್ಥೆ ಅದನ್ನು ತಯಾರಿಸುತ್ತದೆ. ಸಂಸ್ಥೆಯ ಹಿಂದಿರುವವರು ಜಸ್ಟಿನ್ ಫ್ರಾಂಕೆಲ್. ಈ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ, ಆದರೆ ಅವರ ಮೊದಲ ಕೂಸು ಗೊತ್ತಿರಬಹುದು. ಮನೆಗೆ ಮೊದಲ ಕಂಪ್ಯೂಟರ್ ಬಂದ ಕಾಲದಲ್ಲಿ ನಮ್ಮ ಮಕ್ಕಳು ಹಾಡು ಕೇಳುತ್ತಿದ್ದ ವಿನ್‌ಆಂಪ್ ಅವರದೇ. ಅದು 1997ರಲ್ಲಿ ಬಂತು. 1999ರಲ್ಲಿ ಅವರ ನಲ್‌ಸಾಫ್ಟ್ ಸಂಸ್ಥೆಯನ್ನು ಎಓಎಲ್ ಎಂಬ ದೈತ್ಯ ಕಂಪನಿ ಕೊಂಡುಕೊಂಡಿತು. 2000ದ ಮಾರ್ಚಿನಲ್ಲಿ ಈ ತಂಡ ನುಟೆಲಾ ಎಂಬ, ಜನ ತಮ್ಮತಮ್ಮಲ್ಲೇ ಕಡತ ಹಂಚಿಕೊಳ್ಳುವ ಸಾಧನವನ್ನು ಹೊರಬಿಟ್ಟರೆ, ಒಡೆಯರು ಮರುದಿನವೇ ಅದನ್ನು ತೆಗೆಸಿದರು. ದುಡ್ಡು ಬಂದಿತ್ತು, ಸ್ವಾತಂತ್ರ್ಯ ಹೋಗಿತ್ತು. ಫ್ರಾಂಕೆಲ್ 2004ರಲ್ಲಿ ಕೆಲಸ ಬಿಟ್ಟು ಕಾಕೋಸ್ ಕಟ್ಟಿದರು. ರೀಪರಿನ ಮೊದಲ ರೂಪ 2005ರ ಕೊನೆಗೆ ಹೊರಬಂತು, 1.0 ಎಂಬ ಆವೃತ್ತಿ 2006ರ ಆಗಸ್ಟಿನಲ್ಲಿ. ಇತ್ತ ವಿನ್‌ಆಂಪನ್ನು ನಿಲ್ಲಿಸುವುದಾಗಿ ಎಓಎಲ್ 2013ರಲ್ಲಿ ಸಾರಿ, 2014ರ ಆರಂಭದಲ್ಲಿ ಬೇರೊಬ್ಬರಿಗೆ ಮಾರಿತು. ಮಗಳನ್ನು ಶ್ರೀಮಂತರ ಮನೆಗೆ ಕೊಟ್ಟು ಕಣ್ಣೀರಿಟ್ಟ ತಂದೆ ಎರಡನೆಯ ಮಗಳನ್ನು ಊರಲ್ಲೇ ಇಟ್ಟುಕೊಂಡಂತೆ ಇದು.

ಈಗ ನನ್ನ ಚಾಳಿಗೆ ಬರೋಣ. ಈ ತಂತ್ರಾಂಶದ ಪ್ರತಿಯೊಂದು ಹೊಸ ಆವೃತ್ತಿಯ ಜೊತೆ 'ಹೊಸತೇನು' ಎಂಬ ಒಂದು ಪಟ್ಟಿ ಬರುತ್ತದೆ. ಮೇಲೆ ಆವೃತ್ತಿಯ ಸಂಖ್ಯೆ, ದಿನಾಂಕ. ಕೆಳಗೆ ಸಾಲು ಸಾಲಾಗಿ ಬದಲಾವಣೆಗಳು. ಒಂದೊಂದು ಸಾಲಿನ ತಲೆಗೂ ಒಂದು ಕೂಡಿಸು ಚಿಹ್ನೆ. ಆಮೇಲೆ ತಂತ್ರಾಂಶದ ಯಾವ ಭಾಗ ಎಂಬ ಹೆಸರು, ಆಮೇಲೆ ಏನು ಮಾಡಿದ್ದೇವೆ ಎಂಬ ಅರ್ಧ ಸಾಲಿನ ಮಾತು. ಅಷ್ಟೇ. ಹೊಗಳಿಕೆ ಇಲ್ಲ, ಉದ್ಗಾರ ಚಿಹ್ನೆ ಇಲ್ಲ. ಮೊದಲು ನೋಡಿದಾಗ ಕಿರಾಣಿ ಅಂಗಡಿಯ ಚೀಟಿಯಂತೆ ಕಂಡಿತು. ಅರ್ಧಕ್ಕರ್ಧ ಅರ್ಥವೂ ಆಗಲಿಲ್ಲ. ಆದರೂ ಓದುತ್ತಾ ಹೋದ ಹಾಗೆ ಒಂದು ವಿಷಯ ಗಮನಕ್ಕೆ ಬಂತು. ಕೆಲವು ಸಾಲುಗಳ ಕೊನೆಗೆ, ಈ ದೋಷ ಹಿಂದಿನ ಇಂಥ ಆವೃತ್ತಿಯಲ್ಲಿ ನಮ್ಮಿಂದಲೇ ಹೊಸದಾಗಿ ಹುಟ್ಟಿಕೊಂಡದ್ದು ಎಂದು ಸಂಖ್ಯೆ ಸಮೇತ ಬರೆದಿರುತ್ತಾರೆ.

ಇದನ್ನು ಕಂಡು ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ತಪ್ಪನ್ನು ತಾನೇ ಹೆಸರಿಸಿ, ಅದು ಎಂದು ಆಯಿತು, ಎಂದು ಸರಿಹೋಯಿತು ಎಂದು ಬರೆದು, ಯಾರು ಬೇಕಾದರೂ ಓದಲಿ ಎಂದು ಇಡುವವರು ಎಷ್ಟು ಜನ? ನಾವು ಶಿಕ್ಷಕರೇ ಕರಿಹಲಗೆಯ ಮೇಲೆ ತಪ್ಪು ಬರೆದುಬಿಟ್ಟರೆ, ಮಕ್ಕಳು ನೋಡುವ ಮೊದಲು ಸೆರಗಿನಿಂದ ಒರೆಸಿಬಿಡುತ್ತೇವೆ.

ಬರವಣಿಗೆಯ ದೃಷ್ಟಿಯಿಂದ ಇದಕ್ಕೆ ನಾನು ಒಳ್ಳೆಯ ಅಂಕ ಕೊಡುತ್ತೇನೆ. ಹೇಳಬೇಕಾದ್ದು ಇದೆ, ಬೇಡವಾದ್ದು ಇಲ್ಲ. 2023ರ ಅಕ್ಟೋಬರಿನಲ್ಲಿ 7ನೆಯ ಆವೃತ್ತಿ ಬಂದಾಗ ದೊಡ್ಡ ಬದಲಾವಣೆಗಳೇ ಇದ್ದವು. ಒಂದೇ ಸಾಲನ್ನು ಹಲವು ಸಲ ಹಾಡಿ, ಒಂದರ ಕೆಳಗೊಂದು ಇಟ್ಟುಕೊಂಡು, ಚೆನ್ನಾಗಿ ಬಂದ ತುಣುಕುಗಳನ್ನು ಆರಿಸಿ ಜೋಡಿಸುವ ಅನುಕೂಲ ಅದರಲ್ಲಿ ಮುಖ್ಯವಾದದ್ದು. ಆಮೇಲಿನ ಒಂದು ವರ್ಷದಲ್ಲಿ ಇಪ್ಪತ್ತರಷ್ಟು ಸಣ್ಣ ಆವೃತ್ತಿಗಳು ಬಂದವು. ಹೊಸ ಸೊಸೆ ಬಂದ ಮನೆಯಲ್ಲಿ ಮೊದಲ ವರ್ಷ ಡಬ್ಬಗಳು ಜಾಗ ಬದಲಾಯಿಸುತ್ತಲೇ ಇರುತ್ತವಲ್ಲ, ಹಾಗೆ. ಬಿಡುಗಡೆಗೆ ಮುಂಚೆ ಕರಡು ಆವೃತ್ತಿಗಳನ್ನು ಮನಸ್ಸಿದ್ದವರ ಕೈಗೆ ಕೊಟ್ಟು ನೋಡುತ್ತಾರೆ. ಅವರು ಹೇಳಿದ ಕುಂದುಗಳು ತಿದ್ದಿಕೊಂಡು ಪಟ್ಟಿಗೆ ಬರುತ್ತವೆ. ಹೀಗಾಗಿ ಈ ಪಟ್ಟಿ ಒಂದು ಬಳಗದ ಸಮಾಚಾರವೂ ಹೌದು. ಯಾರೋ ಎಲ್ಲೋ ಎಡವಿದ್ದರು, ಹೇಳಿದರು, ಕಲ್ಲು ತೆಗೆದರು ಎಂಬುದು ಸಾಲುಗಳ ನಡುವೆ ಕಾಣುತ್ತದೆ.

ಇನ್ನೂ ಮುಖ್ಯವಾದದ್ದು, ಈ ತಂತ್ರಾಂಶ ತನ್ನಷ್ಟಕ್ಕೆ ತಾನು ಬದಲಾಗುವುದಿಲ್ಲ. ಹೊಸ ಆವೃತ್ತಿ ಬಂದಿದೆ ಎಂದು ಹೇಳುತ್ತದೆ. ಅದೂ ಬೇಡವೆಂದರೆ ಆ ಗುರುತನ್ನು ತೆಗೆದುಬಿಡಬಹುದು. ಹಾಕಿಕೊಳ್ಳುವುದು ಬಿಡುವುದು ನಮ್ಮ ಇಷ್ಟ. ಹಾಕಿಕೊಂಡು ಸರಿಬೀಳದಿದ್ದರೆ ಹಳೆಯ ಆವೃತ್ತಿಗಳನ್ನೂ ಅವರು ಇಟ್ಟಿದ್ದಾರೆ, ಹಿಂದಕ್ಕೆ ಹೋಗಬಹುದು. ಮುದ್ರಿಸಿದ ದನಿ ಸಾಮಾನ್ಯವಾಗಿ ವೇವ್ ಎಂಬ, ಎಲ್ಲ ಯಂತ್ರಗಳಿಗೂ ಓದಲು ಬರುವ ಕಡತವಾಗಿ ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ನಾವು ಕತ್ತರಿಸಿದ್ದು, ಜೋಡಿಸಿದ್ದು, ದನಿ ಏರಿಸಿದ್ದು ಇಳಿಸಿದ್ದು ಬೇರೊಂದು ಕಡತದಲ್ಲಿ ಸಾದಾ ಅಕ್ಷರಗಳಲ್ಲಿ ಬರೆದಿರುತ್ತದೆ. ಮೂಲ ಹಾಡಿಗೆ ಕತ್ತರಿ ತಾಗುವುದೇ ಇಲ್ಲ. ಸೀರೆಯನ್ನು ಕತ್ತರಿಸದೆ, ಎಲ್ಲಿ ಮಡಿಸಬೇಕೆಂದು ಚೀಟಿ ಬರೆದಿಟ್ಟ ಹಾಗೆ. ನಾಳೆ ಕಾಕೋಸ್ ಬಾಗಿಲು ಹಾಕಿದರೂ ನನ್ನ ನಾದಿನಿಯ ಹಾಡು ಹಾಡಾಗಿಯೇ ಇರುತ್ತದೆ. ನನ್ನ ವಿದ್ಯಾರ್ಥಿನಿ ಪಾತ್ರೆ ಅಂದದ್ದು ಇದಕ್ಕೆ.

ಇನ್ನು ಹಣದ ಮಾತು. ಅರವತ್ತು ದಿನ ಬಳಸಿ ನೋಡಿ, ಆಮೇಲೆ ಕೊಳ್ಳಿ ಅನ್ನುತ್ತಾರೆ. ಅರವತ್ತು ದಿನದಲ್ಲಿ ಯಾವ ಸೌಲಭ್ಯಕ್ಕೂ ಬೀಗವಿಲ್ಲ. ಅರವತ್ತೊಂದನೆಯ ದಿನವೂ ಬೀಗ ಬೀಳುವುದಿಲ್ಲ! ತೆರೆಯುವಾಗ ಇಷ್ಟು ದಿನ ಆಯಿತು ಎಂದು ಒಂದು ಫಲಕ ಕೆಲವು ಕ್ಷಣ ಎದುರು ನಿಲ್ಲುತ್ತದೆ, ಅಷ್ಟೇ. ನಮ್ಮಂಥವರಿಗೆ ಬೆಲೆ 60 ಡಾಲರ್, ರೂಪಾಯಿಯಲ್ಲಿ ಐದು ಸಾವಿರ ದಾಟುತ್ತದೆ. ಅದರಿಂದ ದೊಡ್ಡ ವ್ಯಾಪಾರ ಮಾಡುವವರಿಗೆ 225 ಡಾಲರ್. ಎರಡರಲ್ಲೂ ಸಿಗುವ ತಂತ್ರಾಂಶ ಒಂದೇ. ನಾವು ಯಾವ ವರ್ಗದವರು ಎಂಬುದನ್ನು ನಾವೇ ಹೇಳಬೇಕು, ಅವರು ನಂಬುತ್ತಾರೆ. ಈಗ ಕೊಂಡರೆ 8ನೆಯ ಆವೃತ್ತಿ ಮುಗಿಯುವವರೆಗೆ ಮತ್ತೆ ದುಡ್ಡು ಕೊಡಬೇಕಾಗಿಲ್ಲ. ಐದು ಸಾವಿರ ನಮ್ಮ ಮನೆಗಳಲ್ಲಿ ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ನಾನೂ ಐವತ್ತೆಂಟನೆಯ ದಿನದವರೆಗೆ ಕಾದೆ. ಕೊನೆಗೆ ಕೊಟ್ಟೆ. ಉದ್ರಿ ಕೊಟ್ಟು ಕೇಳದೆ ಸುಮ್ಮನಿರುವ ಅಂಗಡಿಯವನ ಮುಂದೆ ದಿನಾ ಓಡಾಡುವುದು ಕಷ್ಟ.

ಹೊಗಳಿಕೆ ಇಷ್ಟು ಸಾಕು. ಕುಂದುಗಳನ್ನೂ ಹೇಳಬೇಕು.

ಮೊದಲನೆಯದು, ಇದು ಸುಲಭವಲ್ಲ. ತೆರೆದ ಕೂಡಲೆ ವಿಮಾನ ಓಡಿಸುವವರ ಕೋಣೆಗೆ ಬಂದಂತಾಗುತ್ತದೆ. ಜೆಫ್ರಿ ಫ್ರಾನ್ಸಿಸ್ ಎಂಬವರು ಬರೆದ ಕೈಪಿಡಿ ಉಚಿತವಾಗಿ ಸಿಗುತ್ತದೆ, ಆದರೆ ಅದು ನಾನ್ನೂರು ಪುಟ ಮೀರಿದ ಗ್ರಂಥ. ಸಂಗೀತ ಕಟ್ಟುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸಾಧನವಾದ್ದರಿಂದ, ಬರೀ ಹಾಡು ಹಿಡಿಯಬೇಕೆಂಬ ಗೃಹಿಣಿಗೆ ಅದರ ನೂರರಲ್ಲಿ ತೊಂಬತ್ತು ಗುಂಡಿಗಳು ಬೇಡ. ಯಾವ ಹತ್ತು ಬೇಕು ಎಂದು ಹೇಳುವವರು ಒಬ್ಬರು ಪಕ್ಕದಲ್ಲಿರಬೇಕು.

ಎರಡನೆಯದು ಭಾಷೆ. ಪಟ್ಟಿಗಳೆಲ್ಲ ಇಂಗ್ಲಿಷಿನಲ್ಲಿ. ಬೇರೆ ಭಾಷೆಯ ಪದಗಳನ್ನು ಬಳಕೆದಾರರೇ ತಯಾರಿಸಿ ಸೇರಿಸಿಕೊಳ್ಳಲು ದಾರಿ ಇಟ್ಟಿದ್ದಾರೆ. ಅಂದರೆ ನಮ್ಮ ಕೆಲಸ ನಾವೇ ಮಾಡಿಕೊಳ್ಳಬೇಕು. ಇದನ್ನು ಉದಾರತೆ ಅನ್ನಬೇಕೋ ಸೋಮಾರಿತನ ಅನ್ನಬೇಕೋ ಎಂದು ನಾನು ಯೋಚಿಸುತ್ತಲೇ ಇದ್ದೇನೆ.

ಇದೇ ಪ್ರಶ್ನೆ ಕಣ್ಣಿಲ್ಲದವರ ವಿಷಯದಲ್ಲಿ ಇನ್ನೂ ಹರಿತವಾಗುತ್ತದೆ. ನನ್ನ ವಿದ್ಯಾರ್ಥಿನಿ ರೀಪರ್ ಬಳಸುವುದು ಒಸಾರಾ ಎಂಬ ಉಚಿತ ಸೇರ್ಪಡೆಯ ಸಹಾಯದಿಂದ. ಅದನ್ನು ಆರಂಭಿಸಿದವರು ಆಸ್ಟ್ರೇಲಿಯಾದ ಜೇಮ್ಸ್ ಟೆ, ಸ್ವತಃ ಅಂಧರು. ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಮೈಕೆಲ್ ಕರನ್ ಎಂಬ ಇನ್ನೊಬ್ಬ ಅಂಧರು 2006ರಲ್ಲಿ ಶುರುಮಾಡಿದರು. ಅದನ್ನು ಬೆಳೆಸಿದವರಲ್ಲಿ ಟೆ ಅವರೂ ಒಬ್ಬರು. ಎನ್‌ವಿಡಿಎ ಜೊತೆ ಬರುವ ಈಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ಉಚ್ಚಾರ ಒರಟು. 'ಯಂತ್ರದ ಕನ್ನಡ' ಎಂದು ನಾವಿಬ್ಬರೂ ನಗುತ್ತೇವೆ. ಆದರೆ ಅವಳಿಗೆ ಅದು ಅನ್ನ ಕೊಡುವ ಕನ್ನಡ. ಈಗ ಯಾವ ಪಟ್ಟಿಯಲ್ಲಿದ್ದೇವೆ, ಮುದ್ರಣ ಶುರುವಾಯಿತೇ, ದನಿಯ ಮಟ್ಟ ಎಷ್ಟು ಎಂಬುದನ್ನೆಲ್ಲ ಒಸಾರಾ ಅವಳ ಕಿವಿಗೆ ಹೇಳುತ್ತದೆ. ಅವಳು ಮೌಸ್ ಮುಟ್ಟುವುದೇ ಇಲ್ಲ. 'ಅಕ್ಕೋರೆ, ಕಂಟ್ರೋಲ್ ಜೊತೆ ಆರ್ ಒತ್ತಿದರೆ ಮುದ್ರಣ, ಉದ್ದ ಕೀಲಿ ಒತ್ತಿದರೆ ಕೇಳಬಹುದು, ಎಸ್ ಒತ್ತಿದರೆ ಕತ್ತರಿ. ನಿಮಗೆ ಇಷ್ಟು ಸಾಕು' ಎಂದು ನನಗೆ ಹೇಳಿಕೊಟ್ಟವಳು ಅವಳೇ. ಕಣ್ಣಿದ್ದ ನಾನು ಪರದೆಯಲ್ಲಿ ಗುಂಡಿ ಹುಡುಕುವಷ್ಟರಲ್ಲಿ ಅವಳು ಕೆಲಸ ಮುಗಿಸಿ ಚಹಾಕ್ಕೆ ಕಾಯುತ್ತಿದ್ದಳು.

ಹಾಗಾದರೆ ಕಾಕೋಸ್ ಈ ವಿಷಯದಲ್ಲಿ ಮಾಡಿದ್ದೇನು? ಹೊರಗಿನವರು ತಮ್ಮ ಕೆಲಸ ಸೇರಿಸಲು ಬಾಗಿಲು ತೆರೆದಿಟ್ಟಿತು. ಕೇಳಿದಾಗ ತಿದ್ದಿತು, ಈಚಿನ ಪಟ್ಟಿಗಳಲ್ಲಿ ಅಂಥ ಸಾಲುಗಳೂ ಕಾಣುತ್ತವೆ. ಆದರೆ ಮೆಟ್ಟಿಲು ಕಟ್ಟಿದವರು ಅಂಧ ಬಳಕೆದಾರರೇ, ಅದೂ ಸಂಬಳವಿಲ್ಲದೆ. ನಾನು ಇದಕ್ಕೆ ಪೂರ್ತಿ ಅಂಕ ಕೊಡಲಾರೆ. ಶಾಲೆಗೆ ಇಳಿಜಾರು ದಾರಿಯನ್ನು ಗಾಲಿಕುರ್ಚಿಯ ಹುಡುಗಿಯೇ ಕಟ್ಟಿಕೊಂಡರೆ ನಾವು ಶಾಲೆಯನ್ನು ಹೊಗಳುತ್ತೇವೆಯೇ? ಇದನ್ನು ನನ್ನ ವಿದ್ಯಾರ್ಥಿನಿಗೆ ಹೇಳಿದಾಗ ಅವಳು ಒಪ್ಪಲಿಲ್ಲ. 'ಎಷ್ಟೋ ಕಡೆ ಕಟ್ಟಿಕೊಳ್ಳುತ್ತೇನೆ ಅಂದರೂ ಜಾಗ ಕೊಡುವುದಿಲ್ಲ, ಅಕ್ಕೋರೆ' ಅಂದಳು. ಅವಳ ಮಾತನ್ನೂ ಇಲ್ಲಿ ಬರೆದಿಡುತ್ತೇನೆ. ನನಗಿಂತ ಅವಳಿಗೆ ಹೆಚ್ಚು ಗೊತ್ತು.

ಮೂರನೆಯ ಕುಂದು ಗಂಭೀರವಾದದ್ದು. ರೀಪರಿನ ಒಳಗುಟ್ಟು ಕಾಕೋಸಿನ ಒಂದೆರಡು ಜನರ ಕೈಯಲ್ಲಿದೆ. ಅವರು ನಿಲ್ಲಿಸಿದರೆ ಬೇರೆಯವರು ಮುಂದುವರಿಸುವಂತಿಲ್ಲ. ಈ ಕಾರಣಕ್ಕೆ ಕೆಲವರು ಆಡಾಸಿಟಿ ಮೇಲು ಅನ್ನುತ್ತಾರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಶುರುಮಾಡಿ 2000ದಲ್ಲಿ ಹೊರತಂದ ಆಡಾಸಿಟಿ ಪೂರ್ತಿ ಉಚಿತ. ಅದರ ಒಳಗುಟ್ಟನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಕಲಿಯಲೂ ಸುಲಭ. ಬರೀ ಹಾಡು ಹಿಡಿಯಬೇಕೆನ್ನುವವರಿಗೆ ನಾನು ಅದನ್ನೇ ಮೊದಲು ಹೇಳುತ್ತೇನೆ.

ಆದರೆ ಅದರ ಕಥೆಯಲ್ಲೂ ಒಂದು ತಿರುವಿದೆ. 2021ರಲ್ಲಿ ಆಡಾಸಿಟಿಯನ್ನು ಮ್ಯೂಸ್ ಗ್ರೂಪ್ ಎಂಬ ಕಂಪನಿ ವಹಿಸಿಕೊಂಡಿತು. ಬಳಕೆಯ ಮಾಹಿತಿ ಕಲೆಹಾಕುವ ಯೋಜನೆಯೊಂದನ್ನು ಮೇ ತಿಂಗಳಲ್ಲಿ ಮುಂದಿಟ್ಟಿತು, ಬಳಕೆದಾರರು ಗದ್ದಲ ಮಾಡಿದ ಮೇಲೆ ಕೈಬಿಟ್ಟಿತು. ಜುಲೈಯಲ್ಲಿ ಬಂದ ಖಾಸಗಿತನದ ಹೊಸ ನಿಯಮದಲ್ಲಿ, ಹದಿಮೂರು ವರ್ಷದೊಳಗಿನವರು ಇದನ್ನು ಬಳಸಬೇಡಿ ಎಂಬ ಮಾತು ಇತ್ತು! ಇಪ್ಪತ್ತೊಂದು ವರ್ಷ ಶಾಲೆ ಮಕ್ಕಳು ಆಡುತ್ತಾ ಕಲಿತ ಸಾಧನಕ್ಕೆ ಒಂದು ಬೆಳಿಗ್ಗೆ ಮಕ್ಕಳೇ ಬೇಡವಾದರು. ಮತ್ತೆ ಗದ್ದಲ. ಕಂಪನಿ ಕ್ಷಮೆ ಕೇಳಿ ಆ ಮಾತು ತೆಗೆಯಿತು. ಕೆಲವು ಸ್ವಯಂಸೇವಕರು ಹಳೆಯ ಒಳಗುಟ್ಟನ್ನು ಎತ್ತಿಕೊಂಡು ಬೇರೆ ಮನೆಯನ್ನೇ ಹೂಡಿದರು. ಒಳಗುಟ್ಟು ತೆರೆದಿದ್ದರಿಂದಲೇ ಅದು ಸಾಧ್ಯವಾಯಿತು ಎಂಬುದನ್ನು ಮರೆಯಬಾರದು. ರೀಪರಿನಲ್ಲಿ ಹೀಗೇನಾದರೂ ಆದರೆ ಆ ದಾರಿ ಇಲ್ಲ. ಒಬ್ಬ ಒಳ್ಳೆಯ ಯಜಮಾನನ ಮೇಲೆ ನಿಂತ ಮನೆ ಅದು. ಯಜಮಾನ ಒಳ್ಳೆಯವನಾಗಿರುವವರೆಗೆ ಚೆಂದ. ಅಂಥ ಮನೆಗಳ ಸುಖವೂ ಭಯವೂ ನಮ್ಮ ಹೆಂಗಸರಿಗೆ ಹೊಸದಲ್ಲ.

ಹಾಗಿದ್ದರೂ ನಾನು ರೀಪರಿನಲ್ಲೇ ಉಳಿದಿದ್ದೇನೆ. ನನ್ನ ವಿದ್ಯಾರ್ಥಿನಿಯ ಜೊತೆ ಕೆಲಸ ಮಾಡಲು ಅದೇ ಅನುಕೂಲ ಎಂಬುದು ಒಂದು ಕಾರಣ. ಅದಕ್ಕಿಂತ ಹೆಚ್ಚಾಗಿ, ಅದನ್ನು ಬಿಟ್ಟು ಹೊರಡುವ ದಿನ ಬಂದರೆ ನನ್ನ ಗಂಟು ನನ್ನ ಕೈಯಲ್ಲೇ ಇರುತ್ತದೆ. ಹೋಗಲು ಬಿಡುವ ಮನೆಯಲ್ಲಿ ಇರಲು ಹೆದರಿಕೆಯಿಲ್ಲ.

ನೀವೂ ಮನೆಯಲ್ಲಿ ಅಜ್ಜಿಯ ಹಾಡನ್ನೋ ಅಮ್ಮನ ಮಾತನ್ನೋ ಹಿಡಿದಿಡುವವರಾದರೆ ಮೂರು ಪ್ರಶ್ನೆ ಕೇಳಿ. ಹಿಡಿದ ದನಿ ಯಾರ ಮನೆಯಲ್ಲಿರುತ್ತದೆ? ಬೇರೆ ಸಾಧನಕ್ಕೂ ಅದನ್ನು ಓದಲು ಬರುತ್ತದೆಯೇ? ಬದಲಾವಣೆ ಮಾಡುವಾಗ ಏನು ಬದಲಾಯಿಸಿದೆವು ಎಂದು ಅವರು ಬಾಯಿಬಿಟ್ಟು ಹೇಳುತ್ತಾರೆಯೇ? ಮೂರಕ್ಕೂ ಉತ್ತರ ಸಿಕ್ಕಿದರೆ ಯಾವ ಸಾಧನವಾದರೂ ಆದೀತು. ಸಿಗದಿದ್ದರೆ ಬೆರಳನ್ನು ಸ್ವಲ್ಪ ತಡೆಯಿರಿ.

ಹೋದ ದೀಪಾವಳಿಗೆ ನಾದಿನಿ ಬಂದಿದ್ದಳು. ಎರಡು ಮಧ್ಯಾಹ್ನ ಕೂತು ಹದಿನೇಳು ಹಾಡು ಹಿಡಿದೆವು. ಅತ್ತೆ ಹಾಡುತ್ತಿದ್ದದ್ದರಲ್ಲಿ ಕಾಲು ಪಾಲೂ ಅಲ್ಲ. ಒಂದು ಹಾಡಿನ ನಡುವೆ ಅವಳಿಗೆ ಸಾಲು ಮರೆತುಹೋಯಿತು. ಅಮ್ಮ ಇದ್ದಿದ್ದರೆ ಕೇಳಬಹುದಿತ್ತು ಅಂದಳು. ನನ್ನ ವಿದ್ಯಾರ್ಥಿನಿ ಆ ಮಾತನ್ನು ಕತ್ತರಿಸಬೇಕೇ ಎಂದು ಕೇಳಿದಳು. ಬೇಡ, ಇರಲಿ ಅಂದೆ. ಕಡತದ ಎರಡು ಪ್ರತಿ ಮಾಡಿ ಒಂದನ್ನು ನಾದಿನಿಯ ಚೀಲದಲ್ಲಿ ಹಾಕಿದೆವು, ಇನ್ನೊಂದು ನನ್ನ ಕಪಾಟಿನಲ್ಲಿದೆ.